ಬೆಳಗಿನ ಜಾವ ಹುಂಜದ ಕೂಗು: ಪಕ್ಕದ ಮನೆಯವರ ನಿದ್ದೆ ಕೆಡದಂತೆ ಹಿತ್ತಲಲ್ಲಿ ಕೋಳಿ ಸಾಕುವುದು ಹೇಗೆ?

ಈ ವಾರ ಜೀವಾಮೃತ, ಮಲ್ಚಿಂಗ್ ಎಲ್ಲ ಪಕ್ಕಕ್ಕಿಟ್ಟು ಕೋಳಿ ವಿಷಯ ಮಾತಾಡೋಣ. ಸಾಕೋದು ಹೇಗೆ, ಯಾವ ಲಸಿಕೆ ಹಾಕಬೇಕು ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಬೆಳಗಿನ ಜಾವ 4 ಗಂಟೆಗೆ ಹುಂಜ ಕೂಗಿ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ನಿಂತಾಗ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಲ್ಲ. ನನಗೂ ಹೇಳಿರಲಿಲ್ಲ. ನಾನು ಓದಿದ್ದು ತೋಟಗಾರಿಕೆ, ಕೋಳಿ ವಿಷಯ ಕಲಿತದ್ದೆಲ್ಲ ತಪ್ಪು ಮಾಡಿ ಮಾಡಿಯೇ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಮನೆ ಊರ ಅಂಚಲ್ಲಿದೆ, ಮನೆ ಹಿಂದೆಯೇ ತೋಟ. ಕಳೆ, ಗೆದ್ದಲು, ಹುಳು ಆಯ್ದು ತಿನ್ನಲಿ, ಗೊಬ್ಬರವೂ ಆಗಲಿ ಅಂತ ಒಂದಿಷ್ಟು ಗಿರಿರಾಜ, ಒಂದಿಷ್ಟು ನಾಟಿ, ಒಟ್ಟು 30 ಮರಿ ತಂದು ಬಿಟ್ಟೆ. ಒಂದು ದಿನದ ಮರಿ ತರುವಾಗ ಸಾಮಾನ್ಯವಾಗಿ ಗಂಡು-ಹೆಣ್ಣು ಬೇರೆ ಮಾಡಿ ಕೊಡಲ್ಲ, ನಿಮಗೂ ಗೊತ್ತಿರಬಹುದು. ಮಾಂಸಕ್ಕೆ ಕೊಟ್ಟು ಮುಗಿದ ಮೇಲೂ ನಾಲ್ಕು ಹುಂಜ ಉಳಿದವು. ಗೂಡು ಕಟ್ಟಿದ್ದು ಪಕ್ಕದ ಮನೆ ಕಾಂಪೌಂಡಿಗೆ ಒರಗಿಸಿ, ಒಂದು ಗೋಡೆ ಖರ್ಚು ಉಳಿಯುತ್ತಲ್ಲ ಅಂತ. ಅಲ್ಲಿಂದ ಅವರ ಮಲಗುವ ಕೋಣೆ ಕಿಟಕಿಗೆ ಹನ್ನೆರಡು-ಹದಿಮೂರು ಅಡಿ ಇದ್ದಿರಬಹುದು.

ಪಕ್ಕದ ಮನೆ ಅಣ್ಣ ಲಾರಿ ಓಡಿಸ್ತಾರೆ. ರಾತ್ರಿ ಲೋಡ್ ಇಳಿಸಿ ಮನೆಗೆ ಬರೋದು 3 ಗಂಟೆಗೆ. ಊಟ ಮಾಡಿ ಮಲಗಿ ಕಣ್ಣು ಹತ್ತೋ ಹೊತ್ತಿಗೆ ನಮ್ಮ ಹುಂಜಗಳು ಶುರು. ಒಂದು ದಿನ ಅವರ ಮನೆ ಅಕ್ಕ ಬಂದು ಕೇಳಿದರು: "ಏನಪ್ಪಾ ತಮ್ಮ, ನಿಮ್ಮ ಹುಂಜಕ್ಕೆ ನಿದ್ದೆನೇ ಬರಲ್ವಾ?" ನಾನು ನಗ್ತಾ, "ಕೋಳಿ ಕೂಗದೆ ಇನ್ನೇನು ಮಾಡುತ್ತೆ ಅಕ್ಕ" ಅಂದುಬಿಟ್ಟೆ. ಅವರು ಏನೂ ಮಾತಾಡದೆ ವಾಪಸ್ ಹೋದರು. ನನ್ನ ಹನಿ ನೀರಾವರಿಯ ಮೇನ್ ಪೈಪ್ ಹೋಗಿರೋದು ಅವರ ಜಮೀನಿನ ಬದುವಿನ ಮೇಲೆ, ಗೊಬ್ಬರದ ಟ್ರ್ಯಾಕ್ಟರ್ ಬರೋದೂ ಅವರ ದಾರಿಯಲ್ಲೇ ಅನ್ನೋದು ಆ ಮಾತಾಡುವಾಗ ತಲೆಗೆ ಬರಲಿಲ್ಲ. ಹದಿನೈದು ದಿನ ಆದಮೇಲೆ ಅಣ್ಣನೇ ಸಿಕ್ಕರು. ಜಗಳ ಆಡಲಿಲ್ಲ. "ತಮ್ಮಾ, ಮೊನ್ನೆ ತುರುವೇಕೆರೆ ದಾಟಿ ಬರೋವಾಗ ಸ್ಟೇರಿಂಗ್ ಮೇಲೇ ಕಣ್ಣು ಮುಚ್ಚಿಹೋಗಿತ್ತು ಕಣೋ" ಅಂದರು ಅಷ್ಟೆ. ಅವತ್ತು ನಾನು ಪೈಪಿನ ವಿಷಯ ಯೋಚನೆ ಮಾಡಲಿಲ್ಲ.

ಮೊದಲ ತಪ್ಪು: ಟಾರ್ಪಾಲ್

ಅವತ್ತೇ ಸಂಜೆ ಗೂಡಿನ ನಾಲ್ಕೂ ಕಡೆ ಟಾರ್ಪಾಲ್ ಸುತ್ತಿದೆ. ಕತ್ತಲಾದರೆ ಕೂಗಲ್ಲ ಅಂತ ಎಲ್ಲೋ ವಿಡಿಯೋದಲ್ಲಿ ನೋಡಿದ್ದೆ. ಏಪ್ರಿಲ್ ತಿಂಗಳು, ಮೇಲೆ ತಗಡಿನ ಶೀಟ್. ಬೆಳಿಗ್ಗೆ ತರಕಾರಿ ಲೋಡ್ ತೆಗೆದುಕೊಂಡು ಸಂತೆಗೆ ಹೊರಟವನು ಟಾರ್ಪಾಲ್ ಬಿಚ್ಚೋದು ಮರೆತೆ. ಒಂಬತ್ತೂವರೆಗೆ ಅಮ್ಮ ಫೋನ್ ಮಾಡಿದಾಗ ಎರಡು ಹ್ಯಾಟೆ ಸತ್ತಿದ್ದವು, ಉಳಿದವು ಬಾಯಿ ಬಿಟ್ಟು ಏದುಸಿರು ಬಿಡ್ತಿದ್ದವು. ಒಳಗೆ ಮೂಗು ಸುಡುವಂಥ ಹಿಕ್ಕೆ ವಾಸನೆ, ಅದು ಅಮೋನಿಯಾ.

ಕೋಳಿಗೆ ಬೆವರು ಗ್ರಂಥಿ ಇಲ್ಲ. ಬಾಯಿ ಬಿಟ್ಟು ಉಸಿರಾಡಿ, ಆ ತೇವ ಆರುವಾಗಲೇ ಮೈ ತಣ್ಣಗಾಗಬೇಕು. ಗಾಳಿ ಆಡದ, ಹಸಿ ತುಂಬಿದ ಗೂಡಿನಲ್ಲಿ ಆ ದಾರಿಯೂ ಮುಚ್ಚಿಹೋಗುತ್ತೆ. ಹಾಗಾಗಿ ಮುಂದೆ ನಾನು ಕತ್ತಲು ಮಾಡೋದು, ಸದ್ದು ತಡೆಯೋದು ಅಂತ ಏನೇ ಹೇಳಿದರೂ ಮೊದಲು ಗಾಳಿ, ಆಮೇಲೆ ಉಳಿದದ್ದು. ಇದನ್ನು ಬಿಟ್ಟು ಯಾವ ಉಪಾಯವನ್ನೂ ಮಾಡಬೇಡಿ.

ಹುಂಜ ಯಾಕೆ ಅಷ್ಟು ಬೇಗ ಕೂಗುತ್ತೆ?

ಬೆಳಕು ನೋಡಿ ಕೂಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಪೂರ್ತಿ ಹಾಗಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರ ಮತ್ತು ಯೋಶಿಮುರ ಎಂಬ ವಿಜ್ಞಾನಿಗಳು 2013ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ದಿನಕ್ಕೆ 12 ಗಂಟೆ ಬೆಳಕು, 12 ಗಂಟೆ ಮಬ್ಬು ಕೊಟ್ಟು ಸಾಕಿದಾಗ, ದೀಪ ಹೊತ್ತುವುದಕ್ಕೆ ಸುಮಾರು 2 ಗಂಟೆ ಮೊದಲೇ ಹುಂಜಗಳು ಕೂಗಲು ಶುರು ಮಾಡುತ್ತಿದ್ದವು. ಇಡೀ ದಿನ ಮಬ್ಬಿನಲ್ಲೇ ಇಟ್ಟಾಗಲೂ ಸರಿಸುಮಾರು 23.8 ಗಂಟೆಗೊಮ್ಮೆ ಕೂಗು ಬರುತ್ತಿತ್ತು. ಅಂದರೆ ಗಡಿಯಾರ ಅದರ ಮೈಯೊಳಗೇ ಇದೆ. ಹೊರಗಿನ ಬೆಳಕು ಆ ಗಡಿಯಾರವನ್ನು ಸರಿಹೊಂದಿಸುತ್ತೆ. ಇದ್ದಕ್ಕಿದ್ದಂತೆ ಬೆಳಕು ಬಿದ್ದರೆ, ಬೇರೆ ಹುಂಜದ ಕೂಗು ಕೇಳಿದರೆ ಕೂಗು ಹೆಚ್ಚಾಗುತ್ತೆ, ಅದೂ ಬೆಳಗಿನ ಜಾವವೇ ಜಾಸ್ತಿ.

ನಮ್ಮಲ್ಲಿ ಏಪ್ರಿಲ್‌ನಲ್ಲಿ ಸೂರ್ಯ ಹುಟ್ಟೋದು 6:10ರ ಆಸುಪಾಸು. ಅದರಲ್ಲಿ ಎರಡು ಗಂಟೆ ಕಳೆದು ನೋಡಿ. ನಮ್ಮ ಹುಂಜ ಲೆಕ್ಕದಲ್ಲಿ ನನಗಿಂತ ಮುಂದೆ.

ಅದೇ ತಂಡ 2015ರಲ್ಲಿ ಇನ್ನೊಂದು ವಿಷಯ ಹೇಳಿತು. ಗುಂಪಿನಲ್ಲಿ ಮೇಲುಗೈ ಇರುವ ಹುಂಜ ಮೊದಲು ಕೂಗುತ್ತೆ, ಉಳಿದವು ಅವುಗಳ ಸ್ಥಾನದ ಪ್ರಕಾರ ಒಂದರ ಹಿಂದೆ ಒಂದು. ಮೊದಲಿನದನ್ನು ತೆಗೆದರೆ ಎರಡನೆಯದು ಆ ಜಾಗಕ್ಕೆ ಬಂದು ಶುರು ಮಾಡುತ್ತೆ. ನಮ್ಮಲ್ಲಿ ತುಂಬಾ ಜನ ಮಾಡೋದೇನು? ಜಾಸ್ತಿ ಕೂಗೋ ಹುಂಜವನ್ನು ಹಿಡಿದು ಮಾರಿಬಿಡ್ತಾರೆ. ನಾಲ್ಕು ದಿನಕ್ಕೆ ಇನ್ನೊಂದು ಶುರುವಾದಾಗ "ಇದಕ್ಕೂ ಅದೇ ರೋಗ" ಅಂತಾರೆ. ರೋಗ ಅಲ್ಲ, ಬಡ್ತಿ.

ಮೊದಲು ರೆಕಾರ್ಡ್ ಮಾಡಿ

ನೀವು ಮೊದಲು ಮಾಡಬೇಕಾದ ಕೆಲಸಕ್ಕೆ ದುಡ್ಡು ಬೇಡ. ಮನೆಯಲ್ಲಿ ಸ್ಕ್ರೀನ್ ಒಡೆದ ಹಳೆ ಫೋನ್ ಇದ್ದೇ ಇರುತ್ತೆ. ರಾತ್ರಿ ಅದರಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಗೂಡಿನ ಹತ್ತಿರ ನೀರು ತಾಗದ ಕಡೆ ಇಡಿ. ಮೂರು ರಾತ್ರಿ ಮಾಡಿ. ಬೆಳಿಗ್ಗೆ ತೆರೆದು ನೋಡಿದರೆ ಗ್ರಾಫಿನಲ್ಲಿ ಎಲ್ಲೆಲ್ಲಿ ಗೆರೆ ಎದ್ದಿದೆಯೋ ಅಲ್ಲಿ ಮಾತ್ರ ಕೇಳಿದರೆ ಸಾಕು. ಎಷ್ಟು ಗಂಟೆಗೆ ಮೊದಲ ಕೂಗು, ಎಷ್ಟು ಹುಂಜ, ಹ್ಯಾಟೆಗಳ ಗಲಾಟೆ ಎಷ್ಟು ಹೊತ್ತಿಗೆ, ಎಲ್ಲ ಗೊತ್ತಾಗುತ್ತೆ.

ನನ್ನ ರೆಕಾರ್ಡಿಂಗ್‌ನಲ್ಲಿ 4:08ಕ್ಕೆ ಮೊದಲ ಕೂಗು, ನಿಮಿಷದೊಳಗೆ ಉಳಿದ ಮೂರೂ ಸೇರಿಕೊಳ್ಳೋದು ಕೇಳಿತು. ಆದರೆ ಮೂರನೇ ರಾತ್ರಿ 3:02ಕ್ಕೇ ಒಂದು ಕೂಗು. ಹಿಂದೆ ಹೋಗಿ ಕೇಳಿದರೆ ಅದಕ್ಕೆ ಮೊದಲು ಲಾರಿ ತಿರುಗುವ ಸದ್ದು! ಅಣ್ಣನ ಲಾರಿಯ ಹೆಡ್‌ಲೈಟ್ ನೇರ ನಮ್ಮ ಗೂಡಿನ ಜಾಲರಿ ಮೇಲೆ ಬೀಳ್ತಿತ್ತು. ಅಂದರೆ ಅವರ ನಿದ್ದೆ ಕೆಡಿಸುವ ಹುಂಜವನ್ನು ಎಬ್ಬಿಸ್ತಿದ್ದವರು ಅವರೇ. ಇದನ್ನು ಅವರಿಗೆ ಹೇಳಿ ವಾದ ಗೆಲ್ಲಬಹುದಿತ್ತು. ಹೇಳಲಿಲ್ಲ. ಆ ಕಡೆಗೆ ಹಳೆ ಶೀಟ್ ಒಂದನ್ನು ಅಡ್ಡ ನಿಲ್ಲಿಸಿದೆ, 3 ಗಂಟೆ ಕೂಗು ನಿಂತಿತು. ನಿಮ್ಮ ಗೂಡಿನ ಮೇಲೂ ಬೀದಿ ದೀಪವೋ, ಅಂಗಳದ ಎಲ್‌ಇಡಿ ಬಲ್ಬೋ ಬೀಳ್ತಿದೆಯಾ ಅಂತ ರಾತ್ರಿ ಒಂದು ಸಲ ಗೂಡಿನೊಳಗೆ ತಲೆ ಹಾಕಿ ನೋಡಿ.

ನಿಮಗೆ ಹುಂಜ ಬೇಕೇ ಬೇಕಾ?

ಇಡೀ ಲೇಖನದಲ್ಲಿ ಮುಖ್ಯವಾದ ಪ್ರಶ್ನೆ ಇದು. ಮೊಟ್ಟೆಗೆ ಹುಂಜ ಬೇಡ. ಹುಂಜ ಇಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತೆ. ಆ ಮೊಟ್ಟೆ ಕಾವಿಗಿಟ್ಟರೆ ಮರಿ ಆಗಲ್ಲ, ಅಷ್ಟೇ ವ್ಯತ್ಯಾಸ. ಓದಿದ ಹುಡುಗರೇ "ಹುಂಜ ಇಲ್ಲದೆ ಮೊಟ್ಟೆ ಹೇಗೆ ಸರ್" ಅಂತ ಕೇಳಿದ್ದಾರೆ ನನ್ನನ್ನ. ಅಂಗಡಿಗೆ ಬರುವ ಫಾರಂ ಮೊಟ್ಟೆಯ ಕೋಳಿಗಳು ಹುಂಜದ ಮುಖವನ್ನೇ ನೋಡಿರಲ್ಲ.

ಮರಿ ಮಾಡಿಸಬೇಕು ಅನ್ನೋರಿಗೂ ಒಂದು ಮಾತು. ಗಿರಿರಾಜ, ಸ್ವರ್ಣಧಾರಾ ಇವೆಲ್ಲ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಮಿಶ್ರ ತಳಿಗಳು. ಅವುಗಳ ಮರಿಗಳಲ್ಲಿ ಅದೇ ತೂಕ, ಅದೇ ಮೊಟ್ಟೆ ಸಿಗಲ್ಲ. ಹಾಗಾಗಿ ಅವುಗಳಿಂದ ಮರಿ ಮಾಡಿಸೋಕೆ ಹುಂಜ ಸಾಕೋದರಲ್ಲಿ ಅರ್ಥವಿಲ್ಲ. ನಾಟಿ ಕೋಳಿಯಾದರೆ ಮರಿ ಮಾಡಿಸಬಹುದು, ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಅದೂ ವರ್ಷವಿಡೀ ಬೇಡ. ಗೆಳೆಯರ ತೋಟದಿಂದ ಗಂಡು ಸೇರಿದ ಮೊಟ್ಟೆ ತಂದು ಕಾವು ಕೂತ ಹ್ಯಾಟೆ ಕೆಳಗಿಟ್ಟರೆ 21 ದಿನಕ್ಕೆ ಮರಿ. ನಾನೀಗ ಮಾಡೋದು ಹೀಗೇ.

ನಾಲ್ಕರಲ್ಲಿ ಮೂರು ಹುಂಜ ಆ ವಾರವೇ ಹೋದವು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅಮ್ಮ ತಡೆದರು. ಅದು ಮಾರಮ್ಮನಿಗೆ ಹರಕೆ ಬಿಟ್ಟ ಹುಂಜ. "ಜಾತ್ರೆವರೆಗೂ ಅದನ್ನ ಮುಟ್ಟೋ ಹಾಗಿಲ್ಲ" ಅಂದರು. ಜಾತ್ರೆಗೆ ಇನ್ನೂ ಹತ್ತು ತಿಂಗಳಿತ್ತು. ಇಂಥ ಹುಂಜ ನಮ್ಮ ಕಡೆ ಎಷ್ಟೋ ಮನೆಯಲ್ಲಿದೆ, ಅದಕ್ಕೇ ಮುಂದಿನ ಭಾಗ.

ಇಟ್ಟುಕೊಳ್ಳಲೇಬೇಕಾದರೆ

ಮೊದಲನೆಯದು ದೂರ. ಹುಂಜದ ಕೂಗು ಒಂದು ಮೀಟರ್ ಅಂತರದಲ್ಲಿ ಸುಮಾರು 100 ಡೆಸಿಬಲ್ ಇರುತ್ತೆ ಅಂತ ಇಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತೆ. 4 ಮೀಟರಿಗೆ 88, 32 ಮೀಟರಿಗೆ 70. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. ಅಂದರೆ ಬರೀ ದೂರ ಸಾಲದು, ಆದರೆ ದೂರ ಇಲ್ಲದೆ ಬೇರೆ ಯಾವುದೂ ಕೆಲಸ ಮಾಡಲ್ಲ. ನಾನು ಗೂಡನ್ನು ಕಾಂಪೌಂಡಿನಿಂದ ಕಿತ್ತು ಪಂಪ್‌ಸೆಟ್ ಮನೆಯ ಆಚೆ ಬದಿಗೆ ಹಾಕಿದೆ. ನಡುವೆ ಇಟ್ಟಿಗೆ ಗೋಡೆ, ಅದರ ಪಕ್ಕ ತೆಂಗಿನ ಸಿಪ್ಪೆ ರಾಶಿ.

ಸದ್ದು ತಡೆಯೋದು ಭಾರ ಇರುವ ವಸ್ತು: ಇಟ್ಟಿಗೆ, ಮಣ್ಣಿನ ಗೋಡೆ, ಒತ್ತಾಗಿ ಪೇರಿಸಿದ ಹುಲ್ಲು. ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತೆ ಅನ್ನೋ ವಿಡಿಯೋ ನೋಡಿ ನಾನೂ ಒಂದು ದಿನ ಹಾಳು ಮಾಡಿದ್ದೀನಿ. ಒಳಗೆ ಪ್ರತಿಧ್ವನಿ ಸ್ವಲ್ಪ ಕಡಿಮೆ ಆಗಬಹುದು, ಹೊರಗೆ ಹೋಗೋ ಸದ್ದು ಹೋಗೇ ಹೋಗುತ್ತೆ. ಮೇಲಾಗಿ ಟ್ರೇ ಸಂದಿಯಲ್ಲಿ ನುಸಿ ಸೇರಿಕೊಳ್ಳುತ್ತೆ. ಫೋನಿನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಅದರ ಸಂಖ್ಯೆ ಕರಾರುವಾಕ್ಕಾಗಿರಲ್ಲ, ಆದರೆ ಒಂದೇ ಫೋನು, ಒಂದೇ ಜಾಗದಲ್ಲಿ ನಿಂತು ಮೊದಲು ಎಷ್ಟು, ಈಗ ಎಷ್ಟು ಅಂತ ಹೋಲಿಸೋಕೆ ಸಾಕು. ನಿಂತು ನೋಡಬೇಕಾದ್ದು ಗೂಡಿನ ಹತ್ತಿರ ಅಲ್ಲ, ಪಕ್ಕದ ಮನೆ ಕಿಟಕಿ ಹತ್ತಿರ.

ಎರಡನೆಯದು ಕತ್ತಲು. ಬೆಳಕು ಬರಬಾರದು, ಗಾಳಿ ಬರಬೇಕು. ಅದಕ್ಕೆ ಹೀಗೆ ಮಾಡಿ: ಗೂಡಿನ ಕೆಳಗೊಂದು, ಎದುರು ಬದಿಯ ಮೇಲೊಂದು ಉದ್ದನೆಯ ಗಾಳಿಕಂಡಿ ಬಿಡಿ. ಎರಡಕ್ಕೂ ಹೆಗ್ಗಣ ನುಗ್ಗದ ಜಾಲರಿ ಹೊಡೆಯಿರಿ. ಕಂಡಿಯಿಂದ ಮೂರು-ನಾಲ್ಕು ಇಂಚು ಹೊರಗೆ, ಕಂಡಿಗಿಂತ ಎಲ್ಲ ಕಡೆ ನಾಲ್ಕು ಇಂಚು ದೊಡ್ಡದಾದ ಹಲಗೆಯನ್ನು ಅಡ್ಡ ನಿಲ್ಲಿಸಿ, ಅದರ ಒಳಮೈಗೆ ಕಪ್ಪು ಬಣ್ಣ ಬಳಿಯಿರಿ. ಗಾಳಿ ಸುತ್ತಿಕೊಂಡು ಒಳಗೆ ಬರುತ್ತೆ, ಬೆಳಕು ನೇರ ಬರಲ್ಲ. ತಗಡಿನ ಶೀಟ್ ಮೇಲೆ ತೆಂಗಿನ ಗರಿ ಹೊದಿಸಿ. ನೆಲಕ್ಕೆ ಒಣಗಿದ ತೆಂಗಿನ ನಾರಿನ ಪುಡಿ ಅಥವಾ ಭತ್ತದ ಹೊಟ್ಟು ಹಾಕಿ. ಒಳಗೆ ಕೂತಾಗ ನಿಮ್ಮ ಮೂಗಿಗೆ ಘಾಟು ಹೊಡೆದರೆ ಕೋಳಿಗೆ ಅದು ಇನ್ನೂ ಜಾಸ್ತಿ, ತಕ್ಷಣ ಲಿಟ್ಟರ್ ತಿರುವಿ ಹಾಕಿ.

ಈಗ ಗಡಿಯಾರದ ಲೆಕ್ಕ ನೆನಪಿಸಿಕೊಳ್ಳಿ. ಕತ್ತಲು ಮಾಡಿದರೆ ಕೂಗು ನಿಲ್ಲಲ್ಲ, ಮುಂದಕ್ಕೆ ಹೋಗುತ್ತೆ. ದಿನಾ 7 ಗಂಟೆಗೆ ಬಾಗಿಲು ತೆಗೆದರೆ ಕೆಲವು ದಿನಗಳಲ್ಲಿ ಹುಂಜದ ಲೆಕ್ಕಕ್ಕೆ ಬೆಳಗಾಗೋದು 7ಕ್ಕೆ, ಕೂಗು 5ರ ಕಡೆಗೆ ಸರಿಯುತ್ತೆ. ಆದರೆ ದಿನವೂ ಅದೇ ಹೊತ್ತು ಪಾಲಿಸಬೇಕು. ಇವತ್ತು 7, ನಾಳೆ 5:30, ಭಾನುವಾರ 8 ಅಂದರೆ ಅದು ಯಾವುದನ್ನೂ ನಂಬಲ್ಲ. ನನಗೆ ಜಾಸ್ತಿ ಕಷ್ಟ ಆಗಿದ್ದು ಇದೇ.

ಮೂರನೆಯದು ರಾತ್ರಿ ಪೆಟ್ಟಿಗೆ. ಹುಂಜ ಜೋರಾಗಿ ಕೂಗಬೇಕಾದರೆ ಎದ್ದು ನಿಂತು ಕತ್ತು ಮೇಲಕ್ಕೆ ಚಾಚಬೇಕು. ಅಷ್ಟು ಎತ್ತರ ಸಿಗದಿದ್ದರೆ ಕೂಗು ಕಡಿಮೆ, ಕೂಗಿದರೂ ದನಿ ಸಣ್ಣ. ನನ್ನ ನಾಟಿ ಹುಂಜಕ್ಕೆ ಹಳೆ ಪ್ಲೈವುಡ್‌ನಲ್ಲಿ 2 ಅಡಿ ಉದ್ದ, 2 ಅಡಿ ಅಗಲ, ಒಳಗೆ 17 ಇಂಚು ಎತ್ತರದ ಪೆಟ್ಟಿಗೆ ಮಾಡಿದೆ. ನಿಮ್ಮ ಹುಂಜಕ್ಕೆ ಅಳತೆ ಬೇರೆ ಆಗಬಹುದು: ಸಹಜವಾಗಿ ನಿಂತಾಗ ಜುಟ್ಟಿನ ಮೇಲೆ ಎರಡು ಇಂಚು ಜಾಗ ಇರಬೇಕು, ತಿರುಗಾಡಿ ಕೂರಲು ಬರಬೇಕು. ಮೇಲ್ಗಡೆ ಒಳಗೆ ಗೋಣಿ ಹೊಡೆದರೆ ತಲೆಗೆ ಪೆಟ್ಟಾಗಲ್ಲ. ಎರಡು ಬದಿಗೂ ಧಾರಾಳವಾಗಿ ಗಾಳಿ ತೂತು ಇರಲಿ. ಕತ್ತಲಾದ ಮೇಲೆ ಕೋಳಿ ಮಂಕಾಗಿ ಕೂತಿರುತ್ತೆ, ಆಗ ಎತ್ತಿ ಒಳಗಿಡಿ, ಬೆಳಿಗ್ಗೆ ತಪ್ಪದೆ ಬಿಡಿ. ನನ್ನ ಥರ ಮರೆಯೋರು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಸೆಕೆ ಜಾಸ್ತಿ ಇರೋ ರಾತ್ರಿ ಪೆಟ್ಟಿಗೆ ಬೇಡ.

ಆನ್‌ಲೈನ್‌ನಲ್ಲಿ ಹುಂಜದ ಕತ್ತಿಗೆ ಕಟ್ಟುವ ಪಟ್ಟಿ ಮಾರ್ತಾರೆ. ಗಾಳಿ ಪೂರ್ತಿ ತುಂಬಿಕೊಂಡು ಕೂಗದಂತೆ ತಡೆಯುತ್ತೆ ಅಂತ. ನಾನು ಬೇಡ ಅಂತೀನಿ. ಸ್ವಲ್ಪ ಸಡಿಲವಾದರೆ ಕಾಲುಗುರು ಸಿಕ್ಕಿಕೊಳ್ಳುತ್ತೆ, ಬಿಗಿಯಾದರೆ ಉಸಿರು ಕಟ್ಟುತ್ತೆ. ಬೆಳೆಯೋ ಹುಂಜಕ್ಕಂತೂ ಇವತ್ತು ಸರಿ ಇದ್ದ ಅಳತೆ ಮುಂದಿನ ವಾರ ನೇಣು.

ಹ್ಯಾಟೆಗಳೂ ಗಲಾಟೆ ಮಾಡ್ತವೆ

ಹುಂಜ ಹೋದ ಮೇಲೆ ಹ್ಯಾಟೆಗಳ ಸದ್ದು ಕಿವಿಗೆ ಬೀಳೋಕೆ ಶುರುವಾಗುತ್ತೆ. ಇದು ಸುಲಭ. ಬೆಳಿಗ್ಗೆ ಗೂಡಿನೊಳಗಿನ ಗಲಾಟೆಗೆ ಸಾಮಾನ್ಯವಾಗಿ ಹಸಿವು, ಬಾಯಾರಿಕೆ, ಇಲ್ಲವೇ ಮೊಟ್ಟೆ ಇಡೋ ಜಾಗಕ್ಕೆ ಜಗಳ ಕಾರಣ. ಮೊಟ್ಟೆ ಕೋಳಿಗೆ ದಿನಕ್ಕೆ 100-120 ಗ್ರಾಂ ಆಹಾರ ಬೇಕು. ಹೊರಗೆ ಮೇಯುವ ಕೋಳಿಗೆ ನಾವು ಹಾಕೋದು ಕಡಿಮೆ ಇರಬಹುದು, ಆದರೆ ಹಾಕುವುದರಲ್ಲಿ ಹೆಚ್ಚಿನ ಪಾಲು ಸಂಜೆಗೆ ಇಡಿ. ಒಡೆದ ಮುಸುಕಿನ ಜೋಳ, ರಾಗಿ ತಿಂದು ಚೀಲ ತುಂಬಿಕೊಂಡು ಮಲಗಿದ ಕೋಳಿ ಬೆಳಿಗ್ಗೆ ಅಷ್ಟು ಅವಸರ ಮಾಡಲ್ಲ. ನೀರು ಗೂಡಿನೊಳಗೇ ಇರಲಿ. ನಾಲ್ಕೈದು ಹ್ಯಾಟೆಗೆ ಒಂದು ಮೊಟ್ಟೆ ಬುಟ್ಟಿ ಇಡಿ. ನಮ್ಮಲ್ಲಿ ಹದಿನೆಂಟಕ್ಕೆ ಎರಡೇ ಇತ್ತು, ಬೆಳಿಗ್ಗೆ ಬಸ್ ಸ್ಟ್ಯಾಂಡ್ ಥರ ಗದ್ದಲ. ಮೊಟ್ಟೆ ಇಟ್ಟ ಮೇಲೆ ಕೊಕ್ಕೊಕ್ಕೋ ಅಂತ ಊರಿಗೆಲ್ಲ ಹೇಳೋದನ್ನ ಮಾತ್ರ ತಡೆಯೋಕಾಗಲ್ಲ, ಬಿಡಿ. ಅದು ಹೆಚ್ಚಾಗಿ ಬೆಳಕು ಹರಿದ ಮೇಲೆ.

ಆದರೆ ನಡುರಾತ್ರಿ ಇದ್ದಕ್ಕಿದ್ದಂತೆ ಗಾಬರಿಯ ಸದ್ದು ಬಂದರೆ ಮಲಗಿರಬೇಡಿ. ಹಾವು, ಹೆಗ್ಗಣ, ಕಾಡುಬೆಕ್ಕು ಏನೋ ಬಂದಿದೆ. ದಿನಾ ರಾತ್ರಿ ಸಣ್ಣಗೆ ಕೊಸರಾಡ್ತಾ ಇದ್ದರೆ ಫೋನ್ ಟಾರ್ಚ್ ಹಾಕಿ ಕೂರುವ ಗಳುವಿನ ಸಂದಿ ನೋಡಿ. ಕೆಲವು ಜಾತಿಯ ನುಸಿಗಳು ಹಗಲೆಲ್ಲ ಸಂದಿಯಲ್ಲಿದ್ದು ರಾತ್ರಿ ಮಾತ್ರ ಬಂದು ರಕ್ತ ಹೀರ್ತವೆ. ಅದು ಸದ್ದಿನ ಸಮಸ್ಯೆ ಅಲ್ಲ, ಕೋಳಿಯ ಸಮಸ್ಯೆ. ಪಶು ವೈದ್ಯರಿಗೆ ತೋರಿಸಿ.

ಪಕ್ಕದ ಮನೆಯವರ ಜೊತೆ ಮಾತು

ಫ್ರಾನ್ಸಿನಲ್ಲಿ 2019ರಲ್ಲಿ ಮೋರಿಸ್ ಅನ್ನೋ ಹುಂಜದ ಮೇಲೆ ನೆರೆಯವರು ಕೋರ್ಟಿಗೆ ಹೋಗಿ ಸೋತರು, ಹುಂಜ ಗೆದ್ದಿತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಕಾಪಾಡೋಕೆ ಅಲ್ಲಿ ಕಾನೂನೇ ಬಂತು. ಓದಲು ಖುಷಿಯಾಗುತ್ತೆ. ಆದರೆ ಕೋರ್ಟಿನಲ್ಲಿ ಗೆದ್ದ ಮೇಲೂ ನೀವು ಆ ಮನೆಯವರ ಬದುವಿನ ಮೇಲೆ ಪೈಪ್ ಎಳೆಯಬೇಕಲ್ಲ?

ನಾನು ಗೂಡು ಕಿತ್ತ ದಿನ ಅವರ ಮನೆಗೆ ಹೋಗಿ, "ಅಕ್ಕ, ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು. ಗೂಡು ಆಚೆ ಹಾಕ್ತಿದ್ದೀನಿ. ಒಂದು ವಾರ ನೋಡಿ ಇನ್ನೂ ಕೇಳಿಸಿದರೆ ಹೇಳಿ" ಅಂದೆ. ಮೊಟ್ಟೆ ತೆಗೆದುಕೊಂಡು ಹೋಗಲಿಲ್ಲ ಅವತ್ತು, ಲಂಚ ಕೊಟ್ಟ ಹಾಗಾಗುತ್ತೆ ಅಂತ. ವಾರ ಬಿಟ್ಟು ಅಕ್ಕನೇ ಹೇಳಿದರು, 5 ಗಂಟೆಗೊಮ್ಮೆ ಸಣ್ಣಗೆ ಕೇಳುತ್ತೆ, ಇವರು ಮಗ್ಗುಲು ಬದಲಿಸಿ ಮಲಗ್ತಾರೆ ಅಂತ. ಮೊಟ್ಟೆ ಕೊಟ್ಟಿದ್ದು ಆಮೇಲೆ.

ಜಾತ್ರೆ ಮುಗಿದು ಹರಕೆ ಹುಂಜವೂ ಹೋಯಿತು. ಈಗ ನಮ್ಮಲ್ಲಿ ಹುಂಜ ಇಲ್ಲ. ಗೆಳೆಯನ ತೋಟದಿಂದ ತಂದ ಹನ್ನೊಂದು ಮೊಟ್ಟೆಯಲ್ಲಿ ಎಂಟು ಮರಿಯಾಗಿ ಅವಕ್ಕೀಗ ಹತ್ತು ವಾರ. ಮೂರರ ಜುಟ್ಟು ಕೆಂಪಗೆ ದಪ್ಪಗಾಗಿದೆ, ಕತ್ತಿನ ಗರಿ ಚೂಪಾಗ್ತಿದೆ. ನಿನ್ನೆ ಬೆಳಿಗ್ಗೆ ಅದರಲ್ಲೊಂದು ಬೇಲಿ ಕಲ್ಲಿನ ಮೇಲೆ ಹತ್ತಿ ಒಡಕು ದನಿಯಲ್ಲಿ ಒಂದು ಸಲ ಪ್ರಯತ್ನ ಮಾಡಿತು. ಕಾಂಪೌಂಡಿನ ಆಚೆಯಿಂದ ಅಕ್ಕ, "ಏನ್ ತಮ್ಮಾ, ಹೊಸಬರು ಬಂದ ಹಾಗಿದೆ?" ಅಂದರು. ಮುಂದಿನ ಸಂತೆಗೆ ಮೂರೂ ಹೋಗ್ತವೆ ಅಂತ ಹೇಳಿದ್ದೀನಿ.